ಬಲಗಡೆಯ ಜೇಬು

ಆಯುಧಪೂಜೆಯ ದಿನ ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿಗೂ ರಜ, ನನಗೂ ರಜ. ವರ್ಷವಿಡೀ ಗುಂಡಿ ಕಾಜಾ ಹಾಕಿ ಸವೆದ ನನ್ನ ಬೆರಳುಗಳಿಗೆ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿರಲಿಲ್ಲ. ಅರವತ್ತೊಂದನೆಯ ಇಸವಿಯ ಆ ಸಂಜೆ ಮೆಷಿನ್ನಿಗೆ ಹಾರ ಹಾಕಿ, ಗೊಟ್ಟಿಗೆರೆಯ ತವರಿಗೆ ಹೊರಡಲು ನಾನು ಚೀಲ ಹಿಡಿದಿದ್ದೆ. ಅಷ್ಟರಲ್ಲಿ ಬೈರಣ್ಣ ಏದುಸಿರು ಬಿಡುತ್ತಾ ಒಳಗೆ ಬಂದ. ನನ್ನ ತವರು ಅಲ್ಲಿಗೆ ಮುಗಿಯಿತು.

"ಉಮಕ್ಕಾ, ನೀವೇ ಕಾಪಾಡ್ಬೇಕು. ಏಕಾಂತಯ್ಯನೋರ ಲೈಕಾ ಕ್ಯಾಮರಾ ಕಾಣೆಯಾಗದೆ. ನಾನೇ ಕದ್ದೆ ಅಂತಾವ್ರೆ!"

ಬೈರಣ್ಣ ಬಿಳೇಕಹಳ್ಳಿಯವನು, ಕ್ಯಾಮರಾ ರಿಪೇರಿ ಮಾಡುವವನು. ನಮ್ಮ ಅಂಗಡಿಯಿಂದ ಎರಡು ರಸ್ತೆ ಆಚೆ, ಜಯನಗರ ಮೂರನೇ ಬ್ಲಾಕಿನ ಏಕಾಂತಯ್ಯನವರ ಮನೆಯ ಜಗಲಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ. ಸೂಕ್ಷ್ಮ ಉಪಕರಣ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನಿಗೆ ನೌಕರಿ ಸಿಕ್ಕಿತ್ತು, ಸೋಮವಾರ ಸೇರಬೇಕಿತ್ತು.

"ನಾಳೆ ಬೆಳಿಗ್ಗೆ ಪೂಜೆ ಕದಲಿಸೋದ್ರೊಳಗೆ ಕ್ಯಾಮರಾ ತಂದಿಡದಿದ್ರೆ ಪೊಲೀಸಿಗೆ ಹೇಳ್ತಾರಂತೆ. ಆಮೇಲೆ ಯಾವ ಕಾರ್ಖಾನೆ ನನ್ನ ಸೇರಿಸ್ಕೊಳ್ತದಕ್ಕಾ? ನನ್ ಎಡಗೈಯೇ ನನಗೆ ಶತ್ರು ಆಗೋಯ್ತು," ಎಂದು ಅವನು ಅತ್ತೇಬಿಟ್ಟ.

ನಮ್ಮ ಅಂಗಡಿಯ ಒಡತಿ ಉಮಾಮಹೇಶ್ವರಿ ಅಕ್ಕ ಕನ್ನಡಕ ಒರೆಸಿಕೊಂಡರು. ಬಟ್ಟೆ ಹೊಲಿಯುವುದು ಅವರ ಜೀವನ, ಗಂಟು ಬಿಡಿಸುವುದು ಅವರ ಚಟ. ಬ್ಲಾಕಿನಲ್ಲಿ ಒಡವೆ ಕಾಣೆಯಾದರೂ ಗಂಡ ಕಾಣೆಯಾದರೂ ಜನ ಮೊದಲು ಬರುತ್ತಿದ್ದುದು ನಮ್ಮ ಅಂಗಡಿಗೇ. "ಕತ್ತರಿ ಮುಟ್ಟೋ ಹಾಗಿಲ್ಲ, ತಲೆ ಉಪಯೋಗಿಸಬಹುದಲ್ಲ. ನಡಿ ಮುನಿಲಕ್ಷ್ಮಿ," ಎಂದರು.

ಏಕಾಂತಯ್ಯನವರು ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಇಂಗ್ಲಿಷಿನವರು ದಂಡು ಬಿಟ್ಟು ಹೋಗುವಾಗ ನಡೆದ ಹರಾಜುಗಳಲ್ಲಿ ಹಳೆಯ ಜರ್ಮನ್ ಕ್ಯಾಮರಾಗಳನ್ನು ಒಂದೊಂದಾಗಿ ಕೊಂಡು ಹತ್ತೊಂಬತ್ತು ಮಾಡಿದ್ದರು. ಮಕ್ಕಳನ್ನು ಸಾಕಿದ ಹಾಗೆ ಅವನ್ನು ಸಾಕಿದ್ದರು ಎಂದರೆ ಅವರ ಮಗಳು ಜಯಶೀಲಾಗೆ ಸಿಟ್ಟು ಬರುತ್ತಿತ್ತು, ಏಕೆಂದರೆ ಅವಳನ್ನು ಅಷ್ಟು ಚೆನ್ನಾಗಿ ಸಾಕಿರಲಿಲ್ಲವಂತೆ.

ಹಾಲಿನ ಗೋಡೆಗೆ ಒತ್ತಿದ ಉದ್ದನೆಯ ಬೆಂಚಿನ ಮೇಲೆ ಎಲ್ಲ ಕ್ಯಾಮರಾಗಳೂ ಸಾಲಾಗಿ ಕೂತಿದ್ದವು. ಪ್ರತಿಯೊಂದರ ಮೈಮೇಲೂ ಮೂರು ಗೆರೆ ವಿಭೂತಿ, ನಡುವೆ ಒದ್ದೆ ಕುಂಕುಮದ ಬೊಟ್ಟು. ನಡುವಿನ ಒಂದು ಜಾಗ ಖಾಲಿ. ಬೆಂಚಿನ ಬಲತುದಿಯಲ್ಲಿ ಮುಚ್ಚಿದ ಒಂದು ಚರ್ಮದ ಚೀಲ, ಅದರ ಮೇಲೂ ವಿಭೂತಿ.

"ಅದು ನಂದು," ಎಂದರು ಪಕ್ಕದಲ್ಲಿದ್ದ ಸೇತುರಾಮ. ಅವರೂ ಕ್ಯಾಮರಾ ಸಂಗ್ರಹಿಸುವವರೇ, ಏಕಾಂತಯ್ಯನವರ ಹಳೆಯ ಗೆಳೆಯರು. "ನಂದೂ ಒಂದು ಲೈಕಾ ಪೂಜೆಗಿಡೋಣ ಅಂತ ತಂದೆ. ಧೂಳು ಕೂರುತ್ತೆ ಅಂತ ಹೊರಗೆ ತೆಗೀಲಿಲ್ಲ."

"ಪೂಜೆ ಆದ ಮೇಲೆ ಯಾರಾದ್ರೂ ಏನಾದ್ರೂ ಮುಟ್ಟಿದ್ರಾ?" ಎಂದು ಉಮಕ್ಕ ಕೇಳಿದರು.

"ಛೆ! ಕದಲಿಸೋವರೆಗೂ ಮುಟ್ಟೋ ಹಾಗೇ ಇಲ್ಲ. ನಮ್ಮಕ್ಕ ಸಿದ್ದಗಂಗಮ್ಮನೋರು ಕಾವಲಿಗೇ ಕೂತಿದ್ರು," ಎಂದರು ಏಕಾಂತಯ್ಯ.

ಎಂಬತ್ತು ದಾಟಿದ ಸಿದ್ದಗಂಗಮ್ಮನವರು ಬೆಂಚಿನ ಎದುರು ಗೋಡೆಯ ಮಂಚದ ಮೇಲೆ ಕೂತು ಸೂಜಿ ದಾರದಲ್ಲಿ ಹೂ ಪೋಣಿಸುತ್ತಿದ್ದರು. ನನ್ನನ್ನು ನೋಡಿ, "ಜಯಾ, ಕಾಫಿ ತಂದ್ಯಾ?" ಎಂದರು. ನಾನು ಜಯಶೀಲಾಗಿಂತ ಒಂದು ಮೊಳ ಕುಳ್ಳಿ, ಎರಡರಷ್ಟು ದಪ್ಪ. ಹತ್ತಿರ ಹೋದಾಗ ಮಾತ್ರ, "ಓ, ನೀನಾ! ಈ ಸೂಜೀಗೆ ದಾರ ನಾನೇ ಪೋಣಿಸ್ಕೋತೀನಿ, ನಿನಗೆ ಕಾಣಲ್ವೇನೋ," ಎಂದು ಒಂದೇ ಸಲಕ್ಕೆ ಪೋಣಿಸಿ ನನ್ನ ಮಾನ ಕಳೆದರು.

ನಡೆದದ್ದು ಇಷ್ಟು. ಬೂದುಗುಂಬಳ ಒಡೆಯಲು ಎಲ್ಲರೂ ಗೇಟಿನ ಬಳಿ ಸೇರಿದ್ದರು. ನಡುವೆ ಬೈರಣ್ಣ ಕರ್ಪೂರ ತರಲು ಒಳಗೆ ಹೋಗಿಬಂದ, ಸೇತುರಾಮ ನೀರು ಕುಡಿಯಲು ಹೋಗಿಬಂದರು. ಏಕಾಂತಯ್ಯನವರೂ ವೀಳ್ಯದೆಲೆಗೆಂದು ಒಮ್ಮೆ ಒಳಗೆ ಹೋಗಿದ್ದರು, ಆದರೆ ಮೈಮೇಲೆ ಬರೀ ಶಲ್ಯ. ಉಳಿದಿಬ್ಬರೂ ಬಿಳಿ ಷರಟು ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡಿದ್ದರು.

"ನೀವು ಏನು ನೋಡಿದ್ರಿ ಅಮ್ಮಾ?" ಎಂದರು ಉಮಕ್ಕ.

ಅಜ್ಜಿ ಹೂವಿನಿಂದ ತಲೆ ಎತ್ತಲಿಲ್ಲ. "ಬಿಳಿ ಷರಟಿನೋನು. ಮುಖ ಸರಿಯಾಗಿ ತಿಳೀಲಿಲ್ಲ. ಈ ಕಡೆ ತಿರುಗಿದಾಗ ಬಲಗಡೆ ಎದೆ ಮೇಲೆ ಜೇಬು, ಪೆನ್ನು ಫಳಫಳ ಅಂತಿತ್ತು. ಪೂಜೆ ಮಾಡಿದ್ದನ್ನ ಎಡಗೈಯಲ್ಲಿ ಎತ್ಕೊಂಡ ಕಣವ್ವ! ಅನಿಷ್ಟ! ಎತ್ಕೊಂಡು ಎಡಕ್ಕೆ, ಹಿತ್ತಲ ಕಡೆ ಹೋದ."

"ಜಯಶೀಲಾ ಎಲ್ಲಿದ್ರು?"

"ಬಾಗಿಲಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ಲು, ಬಲಹೆಗಲಿನ ಸೆರಗು ಇಳಿಬಿಟ್ಕೊಂಡು."

"ಎಡಗೈ ಅಂದ ಮೇಲೆ ಇನ್ನೇನು ಉಳೀತು?" ಎಂದರು ಸೇತುರಾಮ. "ನಮ್ಮಲ್ಲಿ ಎಡಚ ಇರೋದು ಇವನೊಬ್ಬನೇ. ನನ್ನ ಜೇಬು ನಾನೇ ಕೊಡವಿ ತೋರಿಸಿದೀನಿ."

ಬೈರಣ್ಣನ ಚೀಲ, ಹಿತ್ತಲು, ಬಾವಿ, ಸೌದೆ ಕೊಟ್ಟಿಗೆ ಎಲ್ಲ ಹುಡುಕಿ ಆಗಿತ್ತು. ಏಕಾಂತಯ್ಯನವರ ಮುಖದಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು. ಬೈರಣ್ಣನಿಗೆ ಜಗಲಿ ಕೊಟ್ಟವರು ಅವರೇ ತಾನೆ.

ಉಮಕ್ಕ ಕೈ ಹಿಂದೆ ಕಟ್ಟಿಕೊಂಡು ಬೆಂಚಿನುದ್ದಕ್ಕೂ ನಡೆದರು. ಎರಡು ಗಾಜುಗಳಿದ್ದ, ಪೆಟ್ಟಿಗೆಯಂಥ ಒಂದು ಕ್ಯಾಮರಾದ ಮುಂದೆ ಬಗ್ಗಿ, "ಇದ್ಯಾವುದು?" ಎಂದರು. ರೋಲಿಫ್ಲೆಕ್ಸ್ ಎಂದ ಬೈರಣ್ಣ. ಅದರ ನೆತ್ತಿಯ ಮುಚ್ಚಳಕ್ಕೆ ಇಟ್ಟಿದ್ದ ಕುಂಕುಮ ಮುಚ್ಚಳದ ಸಂದಿನಲ್ಲಿ ಎರಡು ಹೋಳಾಗಿತ್ತು. ಉಮಕ್ಕ ಅವನನ್ನು ಜಗಲಿಗೆ ಕರೆದು ಏನೋ ಕೇಳಿದರು, ಅವನು ಏನೋ ವಿವರಿಸಿದ. ಹಿಂದಿರುಗಿದಾಗ ಅವರು ಸಣ್ಣಗೆ ನಗುತ್ತಿದ್ದರು. ಆ ನಗು ಕಂಡು ನನ್ನ ಜೀವ ಅರ್ಧ ತಣ್ಣಗಾಯಿತು.

"ನಾಳೆ ಕದಲಿಸುವಾಗ ಎಲ್ಲರೂ ಬನ್ನಿ," ಎಂದಷ್ಟೇ ಹೇಳಿದರು.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಆಯಿತು. ಏಕಾಂತಯ್ಯನವರು ಹೂ ತೆಗೆದು ಪೂಜೆ ಕದಲಿಸುತ್ತಿದ್ದಂತೆ ಸೇತುರಾಮ ತಮ್ಮ ಚರ್ಮದ ಚೀಲಕ್ಕೆ ಕೈ ಹಾಕಿದರು.

"ಒಂದ್ನಿಮಿಷ ಸಾರ್, ಕೂತ್ಕೊಳಿ," ಎಂದರು ಉಮಕ್ಕ. "ನಾನು ಇಪ್ಪತ್ತೈದು ವರ್ಷದಿಂದ ಷರಟು ಹೊಲೀತಿದೀನಿ. ಈ ಊರಲ್ಲಿ ಬಲಗಡೆ ಜೇಬು ಇಡೋ ದರ್ಜಿ ಒಬ್ಬನೂ ಇಲ್ಲ. ನಿನ್ನೆ ನಿಮ್ಮಿಬ್ಬರ ಜೇಬೂ ಎಡಕ್ಕೇ ಇತ್ತು. ಜಯಶೀಲಾ ಸೆರಗು ಹೊದೆಯೋದೂ ಎಡಹೆಗಲ ಮೇಲೇ, ಅವರ ರವಿಕೆ ಹೊಲಿಯೋಳು ನಾನೇ. ಅಂದ್ರೆ ಅಮ್ಮ ಹೇಳಿದ್ದೆಲ್ಲ ಎಡಬಲ ತಿರುವುಮುರುವು. ಹಾಗಾದ್ರೆ ಎಡಗೈ ಕೂಡ ಬಲಗೈಯೇ ಆಗ್ಬೇಕಲ್ಲ?"

ಸಿದ್ದಗಂಗಮ್ಮನವರ ಕೈಯಲ್ಲಿದ್ದ ಹೂ ಜಾರಿ ಬಿತ್ತು.

"ಇನ್ನೊಂದು ಮಾತು. ಮಂಚದಿಂದ ಇವರಿಗೆ ಮುನಿಲಕ್ಷ್ಮಿ ಯಾರು ಜಯಶೀಲಾ ಯಾರು ತಿಳಿಯಲ್ಲ, ಹತ್ತಿರದ ಸೂಜಿಕಣ್ಣು ಮಾತ್ರ ಕಾಣುತ್ತೆ. ಹಾಲಿನ ಆಚೆ ಇದ್ದೋನ ಪೆನ್ನು ಹೇಗೆ ಕಂಡಿತು? ತೊಡೆ ಮೇಲೆ, ಕಣ್ಣ ಹತ್ತಿರ ಕಂಡಿತು. ರೋಲಿಫ್ಲೆಕ್ಸಿನ ಮುಚ್ಚಳ ತೆಗೆದ್ರೆ ಒಳಗಿನ ಗಾಜಿನ ಮೇಲೆ ಎದುರಿನ ಚಿತ್ರವೆಲ್ಲ ಪುಟ್ಟದಾಗಿ ಮೂಡುತ್ತಂತೆ, ಎಡಬಲ ಮಾತ್ರ ಕನ್ನಡಿ ಥರ ತಿರುಗಿರುತ್ತಂತೆ. ಮುಚ್ಚಳದ ಕುಂಕುಮ ಒಡೆದಿತ್ತು. ಪೂಜೆ ಆದ್ಮೇಲೆ ತೆಗೆದಿದೀರಿ ಅಲ್ವಾ ಅಮ್ಮಾ?"

ಅಜ್ಜಿ ಸೆರಗಿನಿಂದ ಕಣ್ಣೊತ್ತಿಕೊಂಡರು. "ಹೌದು ತಾಯಿ. ಅದ್ರೊಳಗೆ ನೋಡಿದ್ರೆ ನನಗೆ ಇಡೀ ಮನೆ ಸ್ಪಷ್ಟವಾಗಿ ಕಾಣುತ್ತೆ. ಬೇರೆ ಹೇಗೂ ಕಾಣಲ್ಲ. ಎಲ್ಲಾರೂ ಹೊರಗಿದ್ರು, ಆಸೆ ತಡೀಲಿಲ್ಲ. ಅವನು ಹೋದ್ಮೇಲೆ ಇನ್ಯಾರದೋ ಹೆಜ್ಜೆ ಸಪ್ಪಳ ಕೇಳಿ ಮತ್ತೆ ಅಲ್ಲೇ ಇಟ್ಟುಬಿಟ್ಟೆ. ಪೂಜೆ ಸಾಮಾನು ಮುಟ್ಟಿದೆ ಅಂತ ಹೇಳೋಕೆ ಬಾಯೇ ಬರ್ಲಿಲ್ಲ."

"ನೀವು ಮುಟ್ಟಿದ್ದಕ್ಕೇ ಸತ್ಯ ತಿಳಿದದ್ದು," ಎಂದರು ಉಮಕ್ಕ. "ಇವರ ಕಣ್ಣಿಗೆ ಎಡಕ್ಕೆ ಹೋದೋನು ನಿಜವಾಗಿ ಹೋದದ್ದು ಬಲಕ್ಕೆ, ಈ ಚೀಲ ಇದ್ದ ಬೆಂಚಿನ ತುದಿಗೆ. ಷರಟು ತೊಟ್ಟು ಬಲಗೈ ಬಳಸೋರು ಸೇತುರಾಮ ಅವರೊಬ್ಬರೇ. ಕದಲಿಸೋವರೆಗೂ ಯಾರೂ ಮುಟ್ಟದ ಜಾಗ ಅಂದ್ರೆ ಪೂಜೆ ಬೆಂಚೇ ತಾನೇ? ಖಾಲಿ ಚೀಲ ತಂದಿಟ್ಟು, ಲೈಕಾ ಅದರೊಳಗೆ ತುಂಬಿಸಿ, ಇವತ್ತು ಎಲ್ಲರ ಎದುರೇ ರಾಜಾರೋಷವಾಗಿ ಒಯ್ಯೋದು ಅವರ ಲೆಕ್ಕ."

ಏಕಾಂತಯ್ಯನವರು ಚೀಲದ ಗುಂಡಿ ಬಿಚ್ಚಿದರು. ಒಳಗಿದ್ದ ಕಪ್ಪು ಲೈಕಾದ ಮೈಮೇಲೆ ಅವರೇ ಬಳಿದ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

"ಹತ್ತು ವರ್ಷ ಕೇಳಿದೆ, ನೀನು ಕೊಡ್ಲಿಲ್ಲ," ಎಂದರು ಸೇತುರಾಮ, ನೆಲ ನೋಡುತ್ತಾ.

"ಕ್ಯಾಮರಾ ಹೋಗ್ಲಿ, ಈ ಹುಡುಗನ ಬಾಳು ಹಾಳಾಗ್ತಿತ್ತಲ್ಲಯ್ಯ! ಕ್ಷಮೆ ಕೇಳಿ ಹೊರಡು. ಮತ್ತೆ ಈ ಹೊಸಿಲು ತುಳೀಬೇಡ," ಎಂದರು ಏಕಾಂತಯ್ಯ.

ಸೇತುರಾಮ ಬೈರಣ್ಣನಿಗೆ ಕೈಮುಗಿದು ಹೊರಟರು. ಬೈರಣ್ಣ ಗೋಡೆಗೊರಗಿ ಕುಸಿದು ಕೂತ, ಅಳುತ್ತಲೇ ನಕ್ಕ. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ಏಕಾಂತಯ್ಯನವರು ಅವನ ಹೆಗಲು ಹಿಡಿದು, "ತಪ್ಪಾಯ್ತು ಕಣಪ್ಪ," ಎಂದರು. ಅಜ್ಜಿ ಪ್ರಸಾದ ಹಿಡಿದು ಬಂದರು. ಅವನು ಅಭ್ಯಾಸಬಲದಿಂದ ಎಡಗೈ ಚಾಚಿ, ಬೆಚ್ಚಿ ಹಿಂದೆಳೆದುಕೊಂಡ. ಅಜ್ಜಿ ಆ ಎಡಗೈಯನ್ನೇ ಹಿಡಿದೆಳೆದು ಅದರಲ್ಲೇ ಕೊಬ್ಬರಿ ಸಕ್ಕರೆ ಹಾಕಿದರು.

ಶನಿವಾರ ಅವನು ಅಂಗಡಿಗೆ ಬಂದ, ಸೋಮವಾರಕ್ಕೆ ಹೊಸ ಷರಟು ಬೇಕಂತೆ. ಅಳತೆ ಕೊಟ್ಟ ಮೇಲೂ ತಲೆ ಕೆರೆಯುತ್ತಾ ನಿಂತ.

"ಏನೋ?" ಎಂದರು ಉಮಕ್ಕ.

"ಎಡಗೈಗೆ ಎಡಜೇಬು ಎಟುಕಲ್ಲ ಅಕ್ಕಾ. ಇಷ್ಟು ದಿನ ಕೇಳೋಕೆ ನಾಚಿಕೆ ಆಗ್ತಿತ್ತು."

ಉಮಕ್ಕ ಸೀಮೆಸುಣ್ಣ ಎತ್ತಿಕೊಂಡರು. ಆ ರಾತ್ರಿ ಕಾಜಾ ಹಾಕಿದವಳು ನಾನೇ. ಜೇಬನ್ನು ಅವರು ಬಲಗಡೆಗೇ ಇಟ್ಟಿದ್ದರು.