ನಡುವಿನ ತುಂಡು

ಫ್ರಿಜ್ಜಿನ ಬಾಗಿಲು ತೆರೆದ ದೊಡ್ಡಮ್ಮನ ಕೈ ಅಲ್ಲೇ ನಿಂತಿತು. ಕೇಕಿನ ನಟ್ಟನಡುವೆ ಅಂಗೈಯಗಲದ ಹೊಂಡ. ನಿನ್ನೆ ಅವರೇ ಕ್ರೀಮಿನಲ್ಲಿ ಬರೆದಿದ್ದ ಮಗುವಿನ ಹೆಸರು ಮಾಯವಾಗಿತ್ತು.

ಅನಾಥಾಲಯದ ಮಕ್ಕಳ ಹುಟ್ಟುಹಬ್ಬಕ್ಕೆಂದು ನಾಲ್ಕಾರು ಜನ ಸೇರಿ ಪುಕ್ಕಟೆಯಾಗಿ ಕೇಕ್ ಮಾಡುವ ಅಡುಗೆಮನೆ ಅದು. ಶುರುಮಾಡಿದವರು ಎಲ್ಲರ ಬಾಯಲ್ಲೂ ದೊಡ್ಡಮ್ಮನಾಗಿಬಿಟ್ಟಿದ್ದ ಈ ನಿವೃತ್ತ ಟೀಚರು. ಇವತ್ತಿನ ಹುಡುಗಿಗೆ ಐದು ತುಂಬುತ್ತಿತ್ತು. ಕೇಕ್ ಕತ್ತರಿಸಿದ ಕೂಡಲೇ ದತ್ತು ತೆಗೆದುಕೊಂಡ ದಂಪತಿ ಅವಳನ್ನು ದೂರದೂರಿಗೆ ಕರೆದೊಯ್ಯುವವರಿದ್ದರು. ಇನ್ನೊಂದು ಕೇಕ್ ಮಾಡಲು ಹೊತ್ತಿರಲಿಲ್ಲ.

"ಯಾರೂ ಏನೂ ಮುಟ್ಟಬೇಡಿ," ಅಂದರು ಇನ್ಸ್‌ಪೆಕ್ಟರಮ್ಮ. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಇಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಜರಡಿ ಹಿಡಿಯುವ ಚಾಳಿ ಮಾತ್ರ ಹಿಟ್ಟಿಗಷ್ಟೇ ನಿಂತಿರಲಿಲ್ಲ.

ದೊಡ್ಡಮ್ಮನನ್ನು ಬಿಟ್ಟರೆ ಬೀಗದ ಕೈ ಇದ್ದದ್ದು ಇಬ್ಬರ ಬಳಿ — ಕೇಕ್ ಸಾಗಿಸುವ ವ್ಯಾನಿನವನು, ಮತ್ತು ಕ್ರೀಮಿನಲ್ಲಿ ಹೂ ಅರಳಿಸುತ್ತಾಳೆಂದು ಹೂವಿನಕ್ಕ ಎನಿಸಿಕೊಂಡಿದ್ದ ಹೊಸಬಳು. ಇಬ್ಬರೂ ಇವತ್ತು ಬೇಗನೆ ಬಂದಿದ್ದರು.

"ನೀನೇ ತಾನೆ?" ದೊಡ್ಡಮ್ಮ ವ್ಯಾನಿನವನ ಕಡೆ ತಿರುಗಿದರು. "ನಿನ್ನ ಬಾಯಿಚಪಲ ನಂಗೊತ್ತಿಲ್ವಾ?"

"ಬಿಸ್ಕತ್ತಾಗಿದ್ರೆ ನಾನೇ ಅಂತ ಒಪ್ಕೋತಿದ್ದೆ, ದೊಡ್ಡಮ್ಮ. ಮಕ್ಕಳ ಕೇಕಿಗೆ ಕೈ ಹಾಕ್ತೀನಾ?"

"ಹಾಕಿದ್ರೆ ಎಲ್ಲಿಂದ ಶುರು ಮಾಡ್ತಿದ್ದೆ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಮೂಲೆ ಗುಲಾಬಿಯಿಂದ. ಅಲ್ಲೇ ಅಲ್ವಾ ಕ್ರೀಮ್ ಜಾಸ್ತಿ ಇರೋದು?"

ಗುಲಾಬಿಗಳು ಒಂದೂ ಕದಲಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಬಗ್ಗಿ ಹೊಂಡದ ಅಂಚು ನೋಡಿದರು. ನೇರ ಗೆರೆ. ಕ್ರೀಮಿಗೆ ಒಂದು ಪುಡಿಯೂ ಅಂಟಿರಲಿಲ್ಲ.

"ಚಾಕು ಬಿಸಿನೀರಲ್ಲಿ ಅದ್ದಿ, ಒರೆಸಿ ಕೊಯ್ದಿದಾರೆ. ಆಸೆಬುರುಕರಿಗೆ ಇಷ್ಟು ತಾಳ್ಮೆ ಇರಲ್ಲ. ನಿನ್ನೆ ಹೆಸರು ಬರೆದಿದ್ದು ಯಾರು?"

"ನಾನೇ. ಹೂವಿನಕ್ಕನಿಗೆ ಮಣಿಕಟ್ಟು ನೋವಂತೆ. ಅದಕ್ಕೇ ನನ್ನ ಸೊಟ್ಟ ಅಕ್ಷರ."

"ಗುಲಾಬಿ?"

"ಅವಳೇ. ನಾನು ಹೆಸರು ಬರೆದಾದ ಮೇಲೆ ಕೂತು, ಸುತ್ತಲೂ..." ದೊಡ್ಡಮ್ಮ ಸಿಂಕಿನ ಕಡೆ ತಿರುಗಿದರು.

ಹೂವಿನಕ್ಕ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಒಂದು ಹೆಸರು ಬರೆಯೋಕಾಗದ ಕೈ ಇಷ್ಟೊಂದು ಗುಲಾಬಿ ಮಾಡ್ತಾ?" ಇನ್ಸ್‌ಪೆಕ್ಟರಮ್ಮನ ದನಿ ತಗ್ಗಿತು. "ನಾವು ಹೋದದ್ದನ್ನೇ ನೋಡಿದ್ವಿ, ಉಳಿದದ್ದನ್ನ ನೋಡಲಿಲ್ಲ. ಹೂ ಹಾಗೇ ಇವೆ. ಮೇಲಿನ ಸಾಲಲ್ಲಿ ಬರೆದ ಶುಭಾಶಯ ಹಾಗೇ ಇದೆ. ತೆಗೆದವರಿಗೆ ಕೇಕ್ ಬೇಕಿರಲಿಲ್ಲ — ಆ ಹೆಸರು ಅಲ್ಲಿರೋದು ಬೇಡವಾಗಿತ್ತು. ಹೂವಿನಕ್ಕ, ನಿನ್ನ ಊಟದ ಡಬ್ಬಿ ತೆಗಿ."

ಡಬ್ಬಿಯಲ್ಲಿ ಆ ತುಂಡು ಹೆಸರಿನ ಸಮೇತ ಹಾಗೇ ಇತ್ತು.

"ಅದು ಅವಳ ಹೆಸರಲ್ಲ," ಹೂವಿನಕ್ಕ ಅಂದಳು. "ಅನಾಥಾಲಯದವರು ಇಟ್ಟಿದ್ದು. ನಾನಿಟ್ಟಿದ್ದು ಬೇರೆ."

ದೊಡ್ಡಮ್ಮ ಅವಳ ಹತ್ತಿರ ಬಂದರು. "ನಿನ್ನ ಮಗಳಾ?"

"ಹೆತ್ತಿದ್ದಷ್ಟೇ. ಸಾಕೋಕಾಗದೆ ಕೂಸಿದ್ದಾಗಲೇ ಬಿಟ್ಟುಬಂದೆ. ಈಗ ವಾಪಸ್ ಕೇಳಿದ್ರೆ, ನಿಂಗೆ ಹಕ್ಕಿಲ್ಲ ಅಂದ್ರು."

ದೊಡ್ಡಮ್ಮ ನಿನ್ನೆ ಉಳಿದಿದ್ದ ಕೇಕಿನ ಚೂರುಗಳನ್ನು ಹೊಂಡಕ್ಕೆ ತುಂಬಿ, ಮೇಲೆ ಕ್ರೀಮ್ ಸವರಿ, ಕ್ರೀಮ್ ತುಂಬಿದ ಕೋನನ್ನು ಹೂವಿನಕ್ಕನ ಕೈಗಿತ್ತರು.

"ನೀನಿಟ್ಟ ಹೆಸರೇ ಬರಿ. ಆಗಿದ್ದಾಗಲಿ."

ಅವಳು ಕೋನಿನ ತುದಿ ಒರೆಸಿದಳು.

"ಹೋದ ವಾರ ಗೇಟಿನ ಹತ್ರ ನಾನಿಟ್ಟ ಹೆಸರು ಹಿಡಿದು ಕರೆದೆ, ದೊಡ್ಡಮ್ಮ. ಆಡ್ತಾ ಇದ್ದಳು. ತಿರುಗಲೇ ಇಲ್ಲ. ಆಮೇಲೆ ಅಲ್ಲಿಯವರ ಹೆಸರಲ್ಲಿ ಕರೆದೆ. ಓಡಿಬಂದು, 'ಯಾರು ಆಂಟಿ ನೀವು' ಅಂದಳು."

ಬಗ್ಗಿ ಬರೆದಳು. ದುಂಡನೆಯ, ಚೆಂದದ ಅಕ್ಷರ. ಅನಾಥಾಲಯದವರು ಇಟ್ಟ ಹೆಸರು.

ವ್ಯಾನಿನವನು ಮುಂದಿನ ಸೀಟು ಒರೆಸಿ ಬಾಗಿಲು ತೆರೆದು ಕಾದ. ಅವಳು ಹತ್ತಲಿಲ್ಲ.

"ನೀವು ಹೋಗಿ. ಅವಳನ್ನ ನೋಡಿದ್ರೆ ನಾನಿಟ್ಟ ಹಳೇ ಹೆಸರೇ ಬಾಯಿಗೆ ಬರತ್ತೆ," ಅಂದು ಮತ್ತೆ ತಟ್ಟೆ ತೊಳೆಯತೊಡಗಿದಳು.