ಬಿಲ್ಕೀಸ ನಾನಿಯ ಗಡಿಗೆ

ಸಮೃದ್ಧಿ ಗಡಿಗೆಯನ್ನು ಮತ್ತೊಮ್ಮೆ ತಟ್ಟಿದಳು.

ಥಪ್.

ಈಗ ತಾನೇ ‘ಠಣ್’ ಅಂದಿತ್ತಲ್ಲ. ಬೇರೆ ಕಡೆ ತಟ್ಟಿದಳು. ಥಪ್. ಬಾಯಿಯ ಹತ್ತಿರ ತಟ್ಟಿದಳು. ಅಲ್ಲೂ ಥಪ್. ಅವಳಿಗೆ ಅಳುವೇ ಬಂದಂತಾಯಿತು.

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಿರಲಿಲ್ಲ. ಟಿಫಿನ್ ಡಬ್ಬಿಯ ಸ್ಟೀಲ್ ಚಮಚವೇ ಸಾಕಾಗಿತ್ತು.

ಗಡಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಎಲ್ಲೂ ಬಿರುಕು ಕಾಣಲಿಲ್ಲ. ಕಣ್ಣಿಗೆ ಮೊದಲಿನ ಹಾಗೇ ಇತ್ತು, ಕಿವಿಗೆ ಮಾತ್ರ ಕೆಟ್ಟಿತ್ತು. ಆದರೆ ಆ ಮನೆಯೊಡತಿ ಬದುಕಿದ್ದೇ ಕಿವಿಯಿಂದ.

ಅದು ಬಿಲ್ಕೀಸ ನಾನಿಯ ಮನೆ. ಬೆಳಗಾವಿಯ ಶಿವಬಸವ ನಗರದಲ್ಲಿ ಸಮೃದ್ಧಿಯ ಮನೆಯ ಪಕ್ಕದ ಮನೆ. ಎಪ್ಪತ್ತೈದು ವರ್ಷದ ನಾನಿ ಓಣಿಯ ಮಕ್ಕಳಿಗೆಲ್ಲ ನಾನಿಯೇ. ಆಕೆ ಸಂಗೀತ ಕಟ್ಟುವವಳು. ಯಾರಾದರೂ “ನೀವು ಹಾಡ್ತೀರೇನ್ರಿ?” ಎಂದು ಕೇಳಿದರೆ ಮುಖ ಕೆಂಪಗಾಗುತ್ತಿತ್ತು. “ಹಾಡಂಗಿಲ್ಲ. ಕಟ್ತೀನಿ” ಅನ್ನುತ್ತಿದ್ದಳು.

ಇಪ್ಪತ್ತನೇ ವಯಸ್ಸಿಗೆ ನಾನಿ ಮುಂಬೈಗೆ ಹೋಗಿ ಹೋಟೆಲಿನ ಬ್ಯಾಂಡಿನಲ್ಲಿ ಪಿಯಾನೊ ಬಾರಿಸಿದ್ದಳು. ಆಮೇಲೆ ಆ ಬ್ಯಾಂಡಿಗೆ ತಾನೇ ಜಾಝ್ ಬರೆದಳು. ಅದಾದ ಮೇಲೆ ಕಪಾಟಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಮಷಿನ್‌ಗಳ ಮುಂದೆ ಕುಳಿತಳು. ಸ್ಟುಡಿಯೋದವರು “ಮ್ಯೂಸಿಕ್ ಬರೆದ ಸಾಹೇಬರು ಎಲ್ಲಿ?” ಎಂದು ಅವಳನ್ನೇ ಕೇಳುತ್ತಿದ್ದರಂತೆ. “ನಾನ ಆ ಸಾಹೇಬ” ಎಂದು ನಾನಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳಂತೆ.

ಗೋಡೆಯ ಮೇಲೆ ಅವಳ ಮೊದಲ ರೆಕಾರ್ಡಿನ ಕವರ್ ಇತ್ತು. ಅದರಲ್ಲಿ ಉದ್ದ ಜಡೆಯ ನಾನಿ ತೊಡೆಯ ಮೇಲೆ ಗಡಿಗೆ ಇಟ್ಟುಕೊಂಡು ನಗುತ್ತಿದ್ದಳು. ಆ ರೆಕಾರ್ಡ್ ಶುರುವಾಗುವುದೇ ಗಡಿಗೆಯ ‘ಠಣ್’ನಿಂದ. ಭಾನುವಾರ ಸಂಜೆ ಅದೇ ಸಂಗೀತವನ್ನು ನಾನಿ ಬೆಳಗಾವಿಯಲ್ಲಿ ಮೊದಲ ಸಲ ನುಡಿಸುವವಳಿದ್ದಳು. ಮುಂಬೈಯಿಂದಲೂ ಜನ ಬರುವವರಿದ್ದರು.

ಅಂಥ ನಲವತ್ತು ವರ್ಷದ ಗಡಿಗೆಯನ್ನು ಸಮೃದ್ಧಿ ಗುರುವಾರ ಚಮಚದಿಂದ ಬಡಿದಿದ್ದಳು. ನಾನಿ ಕಣ್ಣು ತೋರಿಸಲು ನೆಹರು ನಗರಕ್ಕೆ ಹೋಗಿದ್ದಳು. ಗಿಡಗಳಿಗೆ ನೀರು ಹಾಕು ಎಂದು ಕೀಲಿ ಕೊಟ್ಟಿದ್ದಳು, ಗಡಿಗೆ ಬಾರಿಸು ಎಂದಲ್ಲ. “ಅದರ ಹತ್ರ ಕಬ್ಬಿಣ, ಸ್ಟೀಲ್ ಏನೂ ಒಯ್ಯಬ್ಯಾಡ ಬೇಟಾ. ಬೆರಳಿನ ಮೆತ್ತನ ತುದಿ ಸಾಕು” ಎಂದು ನೂರು ಸಲ ಹೇಳಿದ್ದಳು.

ಸಮೃದ್ಧಿ ಗಡಿಗೆಯನ್ನು ಬಟ್ಟೆಯ ಸಿಂಬಿಯ ಮೇಲೆ ಇದ್ದ ಹಾಗೆಯೇ ಇಟ್ಟು, ಬಾಗಿಲು ಹಾಕಿಕೊಂಡು ಓಡಿದಳು. ಗಿಡಗಳು ಆ ದಿನ ಒಣಗಿಯೇ ಉಳಿದವು.

ಶುಕ್ರವಾರ ನಾನಿ ಕೀಬೋರ್ಡಿನ ಮುಂದೆ ಪ್ರಾಕ್ಟೀಸ್ ಮಾಡುತ್ತಿದ್ದಳು. ಸಮೃದ್ಧಿ ಬಾಗಿಲಲ್ಲೇ ನಿಂತಳು.

“ನಾನಿ, ಗಡಿಗಿ ಬಾರ್ಸಂಗಿಲ್ಲೇನ್ರಿ?”

“ಮಲಗಲಿ ಬಿಡು ಪಾಪ. ರವಿವಾರ ಎಬ್ಬಸೂಣು” ಎಂದಳು ನಾನಿ.

ಸಮೃದ್ಧಿ ಬಾಗಿಲಿನಿಂದಲೇ ಮನೆಗೆ ತಿರುಗಿದಳು.

ಅವಳ ಅಪ್ಪ ಗುರುಪುತ್ರಪ್ಪ ಖಾನಾಪುರದಲ್ಲಿ ಮೇಷ್ಟ್ರು. ನಾನಿಯ ಗಡಿಗೆ ಖಾನಾಪುರದ ಮಣ್ಣಿನದು ಎಂದು ಸಮೃದ್ಧಿಗೆ ಗೊತ್ತಿತ್ತು. ಶನಿವಾರ ಅವಳಿಗೆ ರಜೆ, ಅಪ್ಪನಿಗೆ ಅರ್ಧ ದಿನ ಶಾಲೆ.

“ಅಪ್ಪಾ, ನಾನೂ ಬರ್ತೀನಿ. ಒಂದು ಗಡಿಗಿ ತಗೋಬೇಕು.”

“ಗಡಿಗಿ ಯಾಕ?”

“ಪ್ರಾಜೆಕ್ಟಿಗೆ” ಎಂದಳು. ಸುಳ್ಳು ಅವಳ ನಾಲಿಗೆಗೇ ಚುಚ್ಚಿತು.

ಶಾಲೆ ಬಿಟ್ಟ ಮೇಲೆ ಅಪ್ಪ ಅವಳನ್ನು ಕುಂಬಾರರ ನಾಗರತ್ನಾ ಆಯಿಯ ಮನೆಗೆ ಕರೆದೊಯ್ದ. ಅಂಗಳದ ತುಂಬಾ ಗಡಿಗೆಗಳಿದ್ದವು. ಅಪ್ಪ ಫೋನಿನಲ್ಲಿ ಮಾತಾಡುತ್ತ ರಸ್ತೆಗೆ ಹೋದ. ಸಮೃದ್ಧಿ ಒಂದು ತುದಿಯಿಂದ ತಟ್ಟುತ್ತ ಹೊರಟಳು. ಬೆರಳಿನ ಮೆತ್ತನೆಯ ತುದಿಯಿಂದ.

ಠಣ್. ಠುಣ್. ಠಂ. ಎಲ್ಲವೂ ಒಂದೇ ಮಣ್ಣು, ಒಂದೇ ಕೈ. ಆದರೂ ಒಂದರ ದನಿ ಇನ್ನೊಂದಕ್ಕಿಲ್ಲ. ಒಂದು ದಪ್ಪ, ಒಂದು ತೆಳು. ಇನ್ನೊಂದಕ್ಕೆ ನೆಗಡಿ ಆದಂತಿತ್ತು. ಅರ್ಧ ಗಂಟೆಯಾದರೂ ನಾನಿಯ ಗಡಿಗೆಯ ದನಿ ಸಿಗಲಿಲ್ಲ.

ನಾಗರತ್ನಾ ಆಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏನವಾ, ಇಷ್ಟು ಬಡದು ನೋಡಾಕತ್ತೀ. ಲಗ್ನಕ್ಕ ಗಡಿಗಿ ಬೇಕೇನು?”

ಸಮೃದ್ಧಿಯ ಕಣ್ಣು ತುಂಬಿಬಂತು. ಚಮಚದಿಂದ ಹಿಡಿದು ಭಾನುವಾರದವರೆಗೆ ಎಲ್ಲ ಹೇಳಿಬಿಟ್ಟಳು. “ನಲವತ್ತು ವರ್ಷದ್ದು ಆಯಿ. ಕವರ್ ಮ್ಯಾಲ ಫೋಟೊ ಐತಿ.”

ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಬಿಲ್ಕೀಸ ಬಾಯಾರ ಗಡಿಗಿ? ಅದು ಐದನೇದ್ದು ಹುಡುಗಿ. ಮಣ್ಣಿಂದು ಎಲ್ಲ್ಯರ ನಲವತ್ತು ವರ್ಷ ಬಾಳತೈತೇನು? ಫೋಟೊದಾಗಿಂದು ಯಾವಾಗೋ ಹೋತು.”

ಎರಡು ದಿನದಿಂದ ಸಮೃದ್ಧಿಯ ಎದೆಯ ಮೇಲೆ ಕುಳಿತಿದ್ದ ಕಲ್ಲು ಅರ್ಧ ಸರಿಯಿತು.

“ಮೊದಲ ಸಲ ಬಂದಾಗ ನಾ ಹೊಸಾ ಸೊಸಿ” ಎಂದಳು ಆಯಿ. “ಹೆಗಲಿಗೆ ಟೇಪ್ ರೆಕಾರ್ಡರ್ ಹಾಕ್ಕೊಂಡು ಬಂದಿದ್ರು. ಮೂರು ದಿವಸ ಇಲ್ಲೇ ಕುಂತು ಬಡದ್ರು. ಸರಕಾರದಾವ್ರು, ಗಡಿಗಿ ಚೆಕ್ ಮಾಡಾಕ ಬಂದಾರ ಅಂತ ನಮ್ಮ ಮಾವ ಹೆದರಿ ಚಾ ಮ್ಯಾಲ ಚಾ ಕೊಟ್ರು. ಖರೇ ಹೇಳ್ತೀನಿ, ಅವರು ಹೋದ ಮ್ಯಾಲ ನಾನೂ ದಿನಾ ಕೇಳಾಕ ಹತ್ತಿದೆ. ಅಲ್ಲೀತನಕ ಒಡದೈತೋ ಇಲ್ಲೋ ಅಂತ ಅಷ್ಟ ಬಡದು ನೋಡ್ತಿದ್ದೆ.”

ಕೊನೆಯ ಸಾಲಿನಲ್ಲಿ ಒಂದು ಗಡಿಗೆ ಸಿಕ್ಕಿತು. ಠಣ್. ಬಹಳ ಹತ್ತಿರದ ದನಿ, ಆದರೂ ಸ್ವರ ಒಂದು ಕೂದಲೆಳೆಯಷ್ಟು ಕೆಳಗೆ. ನೋಡಲು ಹಳೆಯದರ ತಂಗಿಯ ಹಾಗೇ ಇತ್ತು. ಸುಮ್ಮನೆ ನಾನಿಯ ಸಿಂಬಿಯ ಮೇಲೆ ಇಟ್ಟುಬಿಟ್ಟರೆ?

ಬಸ್ಸಿನಲ್ಲಿ ಬೆಳಗಾವಿಯವರೆಗೂ ಸಮೃದ್ಧಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಯೋಚಿಸಿದಳು. ಇಳಿಯುವ ಮೊದಲು “ಪ್ರಾಜೆಕ್ಟಿಗಲ್ಲಪ್ಪಾ” ಎಂದು ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಬೈಯಲಿಲ್ಲ. “ಮೊದಲ ನಾನಿಯಾರಿಗೆ ಹೇಳಿ ಬಾ” ಎಂದ.

ಸಮೃದ್ಧಿ ಹೇಳಿದ್ದನ್ನೆಲ್ಲ ನಾನಿ ಕೇಳಿಸಿಕೊಂಡಳು. ಸಿಂಬಿಯ ಮೇಲಿನ ಗಡಿಗೆಯನ್ನು ಒಂದು ಸಲ ತಟ್ಟಿದಳು. ಥಪ್. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಅವಳಿಗೆ ನೋವಾಗಿತ್ತು, ಅದು ಸಮೃದ್ಧಿಗೆ ಕಂಡಿತು.

“ಗುರುವಾರನ ಹೇಳಬೇಕಾಗಿತ್ತು ಬೇಟಾ.”

“ಹೂಂ ರೀ.”

“ಎಷ್ಟು ಬಡದು ನೋಡಿದಿ?”

“ಅಂಗಳದಾಗಿದ್ದವು ಎಲ್ಲಾ. ಇದ ಹತ್ರ ಐತ್ರಿ. ಆದ್ರ ಸ್ವಲ್ಪ ಕೆಳಗ ಐತಿ.”

ನಾನಿ ಹೊಸ ಗಡಿಗೆ ತಟ್ಟಿ, ಕೀಬೋರ್ಡಿನಲ್ಲಿ ಒಂದು ಸ್ವರ ಒತ್ತಿ ನೋಡಿದಳು. ಸಮೃದ್ಧಿಯ ಮುಖವನ್ನು ಮತ್ತೊಮ್ಮೆ ನೋಡಿದಳು. “ಅದ. ಖರೇನ ಸ್ವಲ್ಪ ಕೆಳಗ ಅದ” ಎಂದಳು. ಆಮೇಲೆ ಡ್ರಾಯರಿನಿಂದ ಹಳೆಯ ನೋಟ್‌ಬುಕ್ ತೆಗೆದಳು. ಅದರಲ್ಲಿ ಐದು ಇಸವಿ, ಐದು ಹೆಸರು. ಬಿಲ್ಕೀಸ. ಅಮೀನಸಾಬ. ಬಿಲ್ಕೀಸ. ಬಿಲ್ಕೀಸ. ಶಗುಫ್ತಾ.

“ಇವರೆಲ್ಲಾ ಒಡದಾವ್ರೇನ್ರಿ?” ಸಮೃದ್ಧಿಯ ದನಿ ಸಣ್ಣದಾಯಿತು.

“ಒಡದಾವ್ರ ಹೆಸರು ಯಾರು ಬರದಿಡ್ತಾರ? ದನಿ ಹುಡುಕಿ ತಂದಾವ್ರು ಇವರು. ಅಮೀನಸಾಬ ನಮ್ಮಣ್ಣ, ಶಗುಫ್ತಾ ನನ್ನ ಮಗಳು.” ನಾನಿ ಆರನೆಯ ಸಾಲಿನಲ್ಲಿ ‘ಸಮೃದ್ಧಿ’ ಎಂದು ಬರೆದಳು. “ಈಗ ಮೈಕ್ ಮುಂದ ಇಡು. ಹಿಂದಿನ ಐದರ ಹಂಗ ಇದರ ದನೀನೂ ಮಷಿನ್‌ದಾಗ ತುಂಬಿಡೂಣು. ನಾಳೆ ಇದನ್ನ ಹಾಲ್‌ಗೆ ಒಯ್ಯಾಕ ಬಂದಾಗ ಗಿಡಕ್ಕ ನೀರೂ ಹಾಕು. ಒಣಗ್ಯಾವ.”

ಭಾನುವಾರ ಸಂಜೆ ಹಾಲ್ ತುಂಬಿತ್ತು. ಸಮೃದ್ಧಿ ಮೊದಲ ಸಾಲಿನಲ್ಲಿ ಅಪ್ಪನ ಪಕ್ಕ ಕುಳಿತಿದ್ದಳು. ನಾನಿ ಮಷಿನ್‌ನ ಗುಂಡಿ ಒತ್ತಿದಳು. ಸ್ಪೀಕರಿನಿಂದ ಒಂದು ‘ಠಣ್’ ಬಂತು. ಅದು ಮುಗಿಯುವ ಮೊದಲೇ ಇನ್ನೊಂದು, ಮತ್ತೊಂದು. ಯಾವಾಗಲೋ ಒಡೆದುಹೋದ ಗಡಿಗೆಗಳೆಲ್ಲ ಒಂದರ ಹಿಂದೊಂದು ಮಾತಾಡತೊಡಗಿದವು. ಐದನೆಯದು ಬಂದಾಗ ಸಮೃದ್ಧಿ ಮುಂದಕ್ಕೆ ಬಾಗಿದಳು. ಅದೇ ದನಿ, ಚಮಚ ತಾಗುವ ಮೊದಲಿನ ದನಿ. ಅದಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ನಾನಿ ಹೊಸ ಗಡಿಗೆಯನ್ನು ತೊಡೆಗೆ ಎಳೆದುಕೊಂಡು ಬೆರಳಿನಿಂದ ತಟ್ಟಿದಳು. ಠಣ್. ಒಂದು ಕೂದಲೆಳೆಯಷ್ಟು ಕೆಳಗೆ. ಹಾಲ್‌ನಲ್ಲಿ ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ. ನಾನಿ ತಲೆಯೆತ್ತಿ ಸಮೃದ್ಧಿಯನ್ನು ಹುಡುಕಿ ನೋಡಿದಳು. ಸಮೃದ್ಧಿ ಹೌದು ಎಂದು ತಲೆಯಾಡಿಸಿದಳು.