ದಿಡ್ಡಿಬಾಗಿಲಿನ ಎರಡು ಚಿತ್ರ

ಸಿಂಗದುರ್ಗದ ಏಳು ಸುತ್ತಿನ ಕೋಟೆಯ ಮೇಲೆ ಹೊತ್ತು ಮಾರುದ್ದ ಏರಿದ್ದರೂ ರಾಜಬೀದಿಯ ಅಂಗಡಿಗಳು ಅರ್ಧ ಬಾಗಿಲಷ್ಟೇ ತೆರೆದಿದ್ದವು. ಹೂವಾಡಗಿತ್ತಿಯರು ಮಾತಿಲ್ಲದೆ ಮಾಲೆ ಕಟ್ಟುತ್ತಿದ್ದರು. ಗಜಶಾಲೆಯ ಮುಂದೆ ಮಾವುತರು ಒಬ್ಬರ ಮುಖವನ್ನೊಬ್ಬರು ನೋಡದೆ ಹುಲ್ಲು ಹಾಕುತ್ತಿದ್ದರು. ಮೂರು ದಿನಗಳ ಹಿಂದೆ ಶತ್ರುರಾಜನ ಚಾರನೊಬ್ಬ ಗಡಿಯಲ್ಲಿ ಸಿಕ್ಕಿಬಿದ್ದಿದ್ದ. ಕೋಟೆಯ ಗುಪ್ತ ದಿಡ್ಡಿಬಾಗಿಲನ್ನೂ ಅಲ್ಲಿನ ಕಾವಲುಗಾರನನ್ನೂ ಬಿಳಿಯ ಬಟ್ಟೆಯ ಮೇಲೆ ಕರಿಯ ಮಸಿಯಲ್ಲಿ ಬರೆದ ಚಿತ್ರವೊಂದು ಅವನ ನಡುಕಟ್ಟಿನಲ್ಲಿತ್ತು. ಅಂದಿನಿಂದ, ಕುಂಬಳಕಾಯಿ ಕಳ್ಳ ಎಂದರೆ ಊರಿಗೆ ಊರೇ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗಿತ್ತು.

ಆ ಬಾಗಿಲನ್ನು ಅರಸನ ಅಪ್ಪಣೆಯಂತೆ ಹಿಂದಿನ ವರ್ಷ ಚಿತ್ರಿಸಿದ್ದವನು ಚಿತ್ರಗಾರರ ಶ್ರೇಣಿಯ ಹಿರಿಯ ಮಾಳೋಜ. ಅವನ ಮೂಲಚಿತ್ರ ದಳವಾಯಿ ಬೊಮ್ಮರಸಯ್ಯನ ವಶದಲ್ಲಿ, ಆಯುಧಶಾಲೆಯ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಹಾಗಾದರೆ ಎರಡನೆಯದನ್ನೂ ಮಾಳೋಜನೇ ಬರೆದು ಶತ್ರುವಿಗೆ ಮಾರಿರಬೇಕೆಂದು ದಳವಾಯಿ ಅವನಿಗೆ ಸಂಕೋಲೆ ತೊಡಿಸಿ ಅರಸನ ಸಭೆಗೆ ತಂದು ವಾದಿಸಿದ. ದ್ರೋಹಕ್ಕೆ ಶಿಕ್ಷೆ, ಮೊದಲು ಬಲಗೈ, ಆಮೇಲೆ ಶೂಲ. ಅರಸ ಕೆಂಚಭೂಪಾಲ ಸಂಶಯಪ್ರಾಣಿಯಾದರೂ ಅವಿಚಾರಿಯಲ್ಲ. ಬಲ್ಲವರೊಬ್ಬರು ಗೆರೆಗಳನ್ನು ಪರೀಕ್ಷಿಸಲಿ ಎಂದ. ದಳವಾಯಿ ತಡಮಾಡದೆ ಅದೇ ಶ್ರೇಣಿಯ ಚಿತ್ರಗಾರ ತಿಪ್ಪೋಜನ ಹೆಸರು ಹೇಳಿದ. ದೇಗುಲದ ಭಿತ್ತಿಯೊಂದರ ಕೆಲಸ ಮಾಳೋಜನ ಪಾಲಾದಂದಿನಿಂದ ಹನ್ನೆರಡು ವರ್ಷ ಇವನು ಅವನೊಡನೆ ಮಾತು ಬಿಟ್ಟಿದ್ದ. ಇಂಥ ಪರೀಕ್ಷಕ ಸಿಕ್ಕ ಮೇಲೆ ಶೂಲಕ್ಕೆ ಎಣ್ಣೆ ಸವರುವುದೊಂದೇ ಬಾಕಿ ಎಂದು ಸಭಿಕರು ಪಿಸುಗುಟ್ಟಿದರು.

ತಿಪ್ಪೋಜ ಎರಡು ಚಿತ್ರಗಳನ್ನೂ ಹಾಸುಗಲ್ಲಿನ ಮೇಲೆ ಹರಡಿ, ಮಂಡಿಯೂರಿ, ಬಹಳ ಹೊತ್ತು ನೋಡಿದ. ಗೋಪುರದಿಂದ ಬುಡದವರೆಗೆ ಮಾಳೋಜನ ಗೆರೆ ಒಂದೇ ಉಸಿರಿಗೆ ಇಳಿದಿತ್ತು. ಮಸಿ ತೀರುತ್ತ ಬಂದಲ್ಲಿ ತೆಳುವಾಗಿ, ಬಿಸಿಲಿನಂತೆ ಬಟ್ಟೆಯಲ್ಲಿ ಕರಗಿತ್ತು. ಅವನ ಕಾವಲುಗಾರ ಈಟಿಗೊರಗಿ ಮಧ್ಯಾಹ್ನದ ಜೋಂಪಿನಲ್ಲಿದ್ದ. ಹಗೆಯವನ ಕೈಚಳಕಕ್ಕೆ ತಿಪ್ಪೋಜನಿಗೆ ಹೊಟ್ಟೆಯುರಿಯಿತು, ಮರುಕ್ಷಣವೇ ಸಂತೋಷವೂ ಆಯಿತು.

ಚಾರನ ಬಳಿ ಸಿಕ್ಕ ಚಿತ್ರ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ನಾಲ್ಕು ಬೆರಳಿಗೊಮ್ಮೆ ಗೆರೆ ತಡೆದು ನಿಂತು, ನಿಂತಲ್ಲೆಲ್ಲ ಮಸಿ ಮಡುಗಟ್ಟಿತ್ತು. ಕಾವಲುಗಾರ ಸೆಟೆದು ನಿಂತಿದ್ದ. ಬರೆದವನ ಅಂಜಿಕೆ ಪಾಪ ಅವನ ಬೆನ್ನಿಗೆ ಬಂದಿತ್ತು. ಪ್ರತಿಯೊಂದು ಗೆರೆಯ ಕೊನೆಯೂ ಗಿಣಿಯ ಕೊಕ್ಕಿನಂತೆ ಎಡಕ್ಕೆ ಸಣ್ಣಗೆ ಬಾಗಿತ್ತು.

ಆ ಕೊಕ್ಕನ್ನು ಕಂಡು ತಿಪ್ಪೋಜ ಬೆವೆತ. ಅದು ಅವನ ಶಿಷ್ಯನೊಬ್ಬನ ದೋಷ. ಕುಂಚವನ್ನು ನೇರವಾಗಿ ಎತ್ತಿರೆಂದು ಎಷ್ಟು ಸಲ ಹೇಳಿದರೂ ಆ ಕೈ ತಿದ್ದಿಕೊಂಡಿರಲಿಲ್ಲ. ಶಿಷ್ಯ ಬೇರಾರೂ ಅಲ್ಲ, ಬೊಮ್ಮರಸಯ್ಯ. ದಳವಾಯಿಯೇ ತನ್ನ ಜಗಲಿಗೆ ಬಂದು ವಿದ್ಯೆ ಬೇಡಿದಾಗ, ಮಾಳೋಜನಿಗಿಲ್ಲದ ಗೌರವ ತನಗೆ ಬಂತೆಂದು ತಿಪ್ಪೋಜ ಉಬ್ಬಿಹೋಗಿದ್ದ. ಆದರೆ ಹೊರಗಿನವರಿಗೆ ವಿದ್ಯೆ ಕಲಿಸಿದವನು ತನ್ನ ಕುಂಚ ಮುರಿದು ಮತ್ತೆಂದೂ ಗೆರೆ ಎಳೆಯಬಾರದೆಂಬುದು ಶ್ರೇಣಿಯ ಕಟ್ಟಳೆ. ಇವನು ಬಾಯಿ ಬಿಡಲಾರನೆಂಬ ಲೆಕ್ಕಾಚಾರದಿಂದಲೇ ದಳವಾಯಿ ಇವನನ್ನು ಕರೆಸಿದ್ದ. ಬೇಲಿಯೇ ಎದ್ದು ಹೊಲ ಮೇಯುವಾಗ ಇಷ್ಟಾದರೂ ಜಾಣತನ ಇರಬೇಡವೇ?

"ಎರಡೂ ಒಂದೇ ಕೈಯವು ತಾನೇ?" ಎಂದು ಬೊಮ್ಮರಸಯ್ಯ ಮೆಲ್ಲಗೆ ಕೇಳಿದ.

ತಿಪ್ಪೋಜ ಅವನತ್ತ ತಿರುಗದೆ ಅರಸನಿಗೆ ಕೈಮುಗಿದ. "ಪ್ರಭು, ಕಂಡದ್ದನ್ನು ಮನಸ್ಸಿನಲ್ಲಿ ತುಂಬಿಕೊಂಡು ಬರೆಯುವವನು ಗೆರೆಯ ನಡುವೆ ತಲೆಯೆತ್ತುವುದಿಲ್ಲ. ಇದನ್ನು ಬರೆದವನು ಮೂಲವನ್ನು ಎದುರಿಗಿಟ್ಟುಕೊಂಡು, ಹೆಜ್ಜೆಹೆಜ್ಜೆಗೂ ಅದನ್ನು ನೋಡಿ ನಕಲು ಮಾಡಿದ್ದಾನೆ. ಮೂಲವಿದ್ದ ಪೆಟ್ಟಿಗೆ ದಳವಾಯಿಗಳ ವಶದಲ್ಲಿದೆ."

ಬೊಮ್ಮರಸಯ್ಯ ನಕ್ಕು, ತಾನು ಹುಟ್ಟಿದಂದಿನಿಂದ ಕುಂಚ ಹಿಡಿದವನೇ ಅಲ್ಲವೆಂದು ಕುಲದೇವರ ಆಣೆ ಇಟ್ಟ.

"ನನ್ನ ಮನೆಯ ಅಟ್ಟದಲ್ಲಿ ಅವರು ಅಭ್ಯಾಸ ಮಾಡಿದ ಬಟ್ಟೆಗಳಿವೆ, ಪ್ರಭು," ಎಂದ ತಿಪ್ಪೋಜ. "ಅವುಗಳಲ್ಲೂ ಗೆರೆಯ ಕೊನೆ ಹೀಗೆಯೇ ಬಾಗಿದೆ. ಕಲಿಸಿದವನು ನಾನೇ."

ಅರಸನ ಅಂಗರಕ್ಷಕರು ಬಟ್ಟೆಗಳನ್ನು ತಂದರು. ಒಂದರ ಅಂಚಿನಲ್ಲಿ ದಳವಾಯಿ ಅಂದಿನ ಹುಮ್ಮಸ್ಸಿನಲ್ಲಿ ಸ್ವಹಸ್ತದಿಂದ ತನ್ನ ಹೆಸರನ್ನೂ ಬರೆದಿದ್ದ. ಕೆಂಚಭೂಪಾಲ ಗೆರೆಗೆ ಗೆರೆ ಹೋಲಿಸಿ ನೋಡಿ, ಮಾಳೋಜನ ಸಂಕೋಲೆಯನ್ನು ಬಿಚ್ಚಿಸಿ ಬೊಮ್ಮರಸಯ್ಯನಿಗೆ ತೊಡಿಸಿದ.

ಅನಂತರ ಅರಸ, ಸ್ವಾಮಿನಿಷ್ಠೆಗಾಗಿ ತಿಪ್ಪೋಜನ ತಪ್ಪನ್ನು ಮನ್ನಿಸಬೇಕೆಂದು ಶ್ರೇಣಿಯ ಹಿರಿಯನಾದ ಮಾಳೋಜನಿಗೆ ಸೂಚಿಸಿದ. ಮಾಳೋಜ ತಲೆಯಾಡಿಸಿ ಒಪ್ಪುವಷ್ಟರಲ್ಲೇ ತಿಪ್ಪೋಜ ಸೊಂಟದಿಂದ ಕುಂಚವನ್ನು ತೆಗೆದಿದ್ದ. ಅದು ತಂದೆಯ ಕಾಲದ್ದು, ಹಿಡಿದು ಹಿಡಿದು ಬೆರಳಿನ ಅಚ್ಚು ಬಿದ್ದದ್ದು.

"ನನ್ನ ಒಣಜಂಬದಿಂದ ಕೋಟೆಯೇ ಹೋಗುತ್ತಿತ್ತು," ಎಂದು ಅವನು ಅದನ್ನು ಮಂಡಿಗೆ ಕೊಟ್ಟು ಮುರಿದ. ಮುರಿದ ಮೇಲೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ನಿಂತ.

ಮಾಳೋಜ ಬಂದು ಆ ಕೈ ಹಿಡಿದುಕೊಂಡ.

"ಮನೆಗೆ ಹೋಗೋಣ ಬಾ, ತಮ್ಮಾ," ಎಂದ.